ಎಂ113 ಕಿಟ್‌ನಿಂದ ಹೋವರ್‌ಕ್ರಾಫ್ಟ್ ಗಸ್ತು ವಾಹನ | 1/35 ಕಿಟ್‌ಬ್ಯಾಶಿಂಗ್

[ದೃಶ್ಯ: ಮೇಜಿನ ಮೇಲೆ ಎಂ113ರ ಹಲ್ (ವಾಹನದ ಮೈ) ಭಾಗಗಳು. ಪಕ್ಕದಲ್ಲಿ 1/144 ಅಳತೆಯ ಬೋಯಿಂಗ್ 777-300ಇಆರ್ ಕಿಟ್‌ನ ಎರಡು ಎಂಜಿನ್ ಫ್ಯಾನ್‌ಗಳು.]

ಬೇರೆ ಬೇರೆ ಕಿಟ್‌ಗಳ ಭಾಗ ಸೇರಿಸಿ ಹೊಸ ಮಾಡೆಲ್ ಮಾಡೋದೇ ಕಿಟ್‌ಬ್ಯಾಶಿಂಗ್. ಇವತ್ತು ಎಂ113, ಅಂದ್ರೆ ಟ್ರ್ಯಾಕ್ ಮೇಲೆ ಓಡೋ, ಸೈನಿಕರನ್ನ ಸಾಗಿಸೋ ಕವಚ ವಾಹನದ ಕಿಟ್ ತಗೊಂಡಿದ್ದೀವಿ. ಆದರೆ ಟ್ಯಾಂಕ್ ಮೇಲೆ ಸಿಕ್ಕಸಿಕ್ಕ ಪೈಪು, ಡಬ್ಬ, ಆಂಟೆನಾ ಎಲ್ಲಾ ಅಂಟಿಸಿದ ತಕ್ಷಣ ಅದು ಸೈನ್ಸ್ ಫಿಕ್ಷನ್ ವಾಹನ ಆಗಿಬಿಡಲ್ಲ. ಸಾಮಾನು ಹೇರಿದ ಟ್ಯಾಂಕ್ ಥರಾನೇ ಕಾಣುತ್ತೆ. ಬ್ಲೇಡ್ ಕೈಗೆ ತಗೊಳ್ಳೋ ಮುಂಚೆ ಮೂರು ಪ್ರಶ್ನೆಗೆ ಉತ್ತರ ಇರಬೇಕು: ಈ ವಾಹನ ಹೇಗೆ ಚಲಿಸುತ್ತೆ? ಒಳಗೆ ಯಾರು ಎಲ್ಲಿ ಕೂರ್ತಾರೆ? ಗಾಳಿ ಎಲ್ಲಿಂದ ಒಳಗೆ ಹೋಗಿ ಎಲ್ಲಿಂದ ಹೊರಗೆ ಬರುತ್ತೆ? ಯಾವ ಭಾಗ ಎಲ್ಲಿ ಕೂರಬೇಕು ಅನ್ನೋದನ್ನ ಈ ಉತ್ತರಗಳೇ ಹೇಳ್ತವೆ.

ನಮ್ಮ ಇವತ್ತಿನ ವಾಹನದ ಉತ್ತರ ಇದು. ಗಾಳಿಯ ಮೆತ್ತೆ ಮೇಲೆ ಓಡುವ ಇಬ್ಬರ ಗಸ್ತು ವಾಹನ. ಅಸಲಿ ಎಂ113ರಲ್ಲಿ ಇಬ್ಬರು ಸಿಬ್ಬಂದಿ ಜೊತೆ ಹನ್ನೊಂದು ಸೈನಿಕರಿಗೆ ಜಾಗ ಇದೆ. ಆ ಹನ್ನೊಂದು ಜನರ ಜಾಗವನ್ನ ಪೂರ್ತಿ ಫ್ಯಾನ್‌ಗಳಿಗೆ ಬಿಟ್ಟುಕೊಡ್ತೀವಿ.

[ದೃಶ್ಯ: ಸ್ಕೇಲ್ ಮೇಲೆ 50 ಮಿ.ಮೀ. ಎತ್ತರದ ಗೊಂಬೆ.]

ಮೊದಲು ಅಳತೆ. 1/35ರಲ್ಲಿ 1.75 ಮೀಟರ್ ಎತ್ತರದ ಮನುಷ್ಯ ಸರಿಯಾಗಿ 50 ಮಿ.ಮೀ. ಬರ್ತಾನೆ. ಎಂ113ರ ಉದ್ದ 4.86 ಮೀಟರ್, ಅಗಲ 2.69 ಮೀಟರ್. ಅಂದ್ರೆ ಮಾಡೆಲ್ ಸುಮಾರು 139 × 77 ಮಿ.ಮೀ. ಬೇರೆ ಅಳತೆಯ ಕಿಟ್‌ನಿಂದ ಭಾಗ ತರೋವಾಗ ಅದರ ಹಳೇ ಅಳತೆ ಮರೆತುಬಿಡಿ, ಮಿಲಿಮೀಟರ್ ಮಾತ್ರ ನೋಡಿ. 777-300ಇಆರ್‌ನ ಜಿಇ90 ಎಂಜಿನ್ ಫ್ಯಾನ್ ನಿಜದಲ್ಲಿ 3.25 ಮೀಟರ್ ವ್ಯಾಸದ್ದು. 1/144ರಲ್ಲಿ ಅದು 22.5 ಮಿ.ಮೀ. ಅದನ್ನೇ ನಮ್ಮ ವಾಹನದ ಮೇಲೆ ಇಟ್ಟರೆ ನಿಜದಲ್ಲಿ ಸುಮಾರು 79 ಸೆಂಟಿಮೀಟರ್‌ನ ಲಿಫ್ಟ್ ಫ್ಯಾನ್, ಅಂದ್ರೆ ವಾಹನವನ್ನ ಮೇಲೆತ್ತೋ ಫ್ಯಾನ್. ಈ ಗಾತ್ರದ ವಾಹನಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅದೂ ಒಂದೇ ಕಿಟ್‌ನಲ್ಲಿ ಎರಡು ಸಿಗುತ್ತೆ.

ಆದರೆ ಚಾಲಕನ ಹ್ಯಾಚ್, ಅದರ ಸುತ್ತ ಇರೋ ಪೆರಿಸ್ಕೋಪ್‌ಗಳು, ಹಿಡಿಕೆಗಳು, ಇವನ್ನ ಮುಟ್ಟಬೇಡಿ. ಮನುಷ್ಯ ಮುಟ್ಟುವ, ನುಗ್ಗುವ ಜಾಗಗಳಿಂದಲೇ ನೋಡುವವರ ಕಣ್ಣು ಇಡೀ ವಾಹನದ ಗಾತ್ರ ಅಳೆಯೋದು. ಹೊಸ ಹಿಡಿಕೆ ಬೇಕಾದ್ರೆ 0.5 ಮಿ.ಮೀ. ಹಿತ್ತಾಳೆ ತಂತಿ ಬಗ್ಗಿಸಿ. 1 ಮಿ.ಮೀ. ತಂತಿ ಹಾಕಿದ್ರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರ್ ದಪ್ಪ ಆಗುತ್ತೆ, ಮಾಡೆಲ್ ಆಟಿಕೆ ಥರ ಕಾಣುತ್ತೆ.

[ದೃಶ್ಯ: ಹಲ್‌ನ ಪಕ್ಕದಿಂದ ಆಕ್ಸಲ್ ಮೊಟಕುಗಳನ್ನ ಕತ್ತರಿಸೋದು.]

ಈಗ ಗುರುತು ಅಳಿಸೋ ಕೆಲಸ. ಎಂ113 ಅಂತ ಹೇಳಿಬಿಡೋದು ಮೂರು ವಸ್ತು: ಪಕ್ಕಕ್ಕೆ ಐದೈದು ಚಕ್ರ, ಮೇಲಿನ ಮೆಷಿನ್ ಗನ್ ಕಪೋಲಾ (ಗನ್ ಕೂರುವ ತಿರುಗುವ ಗುಮ್ಮಟ), ಮುಂಭಾಗದ ಟ್ರಿಮ್ ವೇನ್. ನೀರಲ್ಲಿ ಈಜುವಾಗ ಬಿಚ್ಚಿಕೊಳ್ಳೋ ಹಲಗೆ ಅದು. ಮೂರೂ ಬೇಡ. ಆಕ್ಸಲ್ ಮೊಟಕುಗಳನ್ನ ಕತ್ತರಿಸಿ, ತೂತುಗಳ ಮೇಲೆ 0.5 ಮಿ.ಮೀ. ಸ್ಟೈರೀನ್ (ಪ್ಲಾಸ್ಟಿಕ್) ಶೀಟ್ ಹೊದಿಸಿ. ಈ ದೊಡ್ಡ ತೂತುಗಳಿಗೆ ಟ್ಯೂಬ್‌ನ ಲ್ಯಾಕರ್ ಪುಟ್ಟಿ ತುಂಬಬೇಡಿ. ಅದು ಒಣಗ್ತಾ ಕುಗ್ಗುತ್ತೆ, ವಾರ ಕಳೆದ ಮೇಲೆ ಬಣ್ಣದ ಕೆಳಗೆ ಗುಳಿ ಬೀಳುತ್ತೆ. ಆಳದ ಜಾಗಕ್ಕೆ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿಯೇ ಸರಿ.

[ದೃಶ್ಯ: ಫ್ಯಾನ್ ರಿಂಗ್, ಹತ್ತಿರದಿಂದ.]

ಹಿಂಭಾಗದ ಮೇಲ್ಛಾವಣಿಯಲ್ಲಿ ಕಾರ್ಗೋ ಹ್ಯಾಚ್ ಇದೆಯಲ್ಲ, ಫ್ಯಾನ್‌ಗಳು ಬರೋದು ಅಲ್ಲೇ, ಅಕ್ಕಪಕ್ಕ. ಪ್ರತಿ ಫ್ಯಾನ್‌ಗೂ ಒಂದು ಡಕ್ಟ್ ರಿಂಗ್, ಅಂದ್ರೆ ಸುತ್ತುವ ಬಳೆ ಬೇಕು. 0.25 ಮಿ.ಮೀ. ಶೀಟ್‌ನಿಂದ 6 ಮಿ.ಮೀ. ಅಗಲ, 220 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ. ನೇರವಾಗಿ ಫ್ಯಾನ್‌ಗೆ ಸುತ್ತಬೇಡಿ. ಮೊದಲು 20 ಮಿ.ಮೀ. ಆಸುಪಾಸಿನ ಯಾವುದಾದರೂ ಲೋಹದ ಕೊಳವೆಗೆ ಸುತ್ತಿ, ದಾರ ಕಟ್ಟಿ, ಕುದಿಯೋ ನೀರು ಹುಯ್ದು ತಣ್ಣಗಾಗಲು ಬಿಡಿ. ಪಟ್ಟಿ ಆ ಸುರುಳಿಯಲ್ಲೇ ನಿಲ್ಲುತ್ತೆ. ಆಮೇಲೆ ಫ್ಯಾನ್ ಸುತ್ತ ಮೂರು ಸುತ್ತು ಬರಲಿ. ಪ್ರತಿ ಸುತ್ತಿಗೂ ತೆಳು ಸಿಮೆಂಟ್‌ನ (ಪ್ಲಾಸ್ಟಿಕ್ ಕರಗಿಸಿ ಅಂಟಿಸೋ ದ್ರವ) ಒಂದೇ ಒಂದು ಬ್ರಷ್ ಎಳೆ ಸಾಕು, ಸಂದಿಯೊಳಗೆ ಅದು ತಾನೇ ಹರಿಯುತ್ತೆ. ಹೊರವ್ಯಾಸ 24 ಮಿ.ಮೀ. ಬರುತ್ತೆ.

ಬಿಸಿನೀರಿನ ಹಂತ ಬಿಟ್ಟರೆ ಏನಾಗುತ್ತೆ ಅನ್ನೋದು ಕೊನೆಯಲ್ಲಿ ಗೊತ್ತಾಗುತ್ತೆ. ಬಲವಂತವಾಗಿ ಬಗ್ಗಿಸಿದ ಪ್ಲಾಸ್ಟಿಕ್ ಒಳಗೇ ಎಳೆದಾಡ್ತಾ ಇರುತ್ತೆ. ಎನಾಮೆಲ್ ವಾಶ್‌ನ (ಸಂದಿಗಳಿಗೆ ಇಳಿಸೋ ತೆಳು ಬಣ್ಣ) ತಿನ್ನರ್ ಅಲ್ಲಿಗೆ ಇಳಿದರೆ ರಿಂಗ್ ಪಟ್ ಅಂತ ಸೀಳುತ್ತೆ.

ಛಾವಣಿಯಲ್ಲಿ 24 ಮಿ.ಮೀ. ವೃತ್ತ ಎಳೆದು, ಗೆರೆಯ ಒಳಗಡೆ 1.5 ಮಿ.ಮೀ. ಡ್ರಿಲ್‌ನಿಂದ ಒತ್ತೊತ್ತಾಗಿ ತೂತು ಹಾಕಿ, ನಡುವಿನ ತುಂಡು ತೆಗೆದು, ಅರ್ಧಗೋಲದ ಅರದಿಂದ ಗೆರೆವರೆಗೂ ಉಜ್ಜಿ. ಎರಡು ದೊಡ್ಡ ತೂತು ಬಿದ್ದ ಛಾವಣಿ ಮೆತ್ತಗಾಗುತ್ತೆ, ಹಾಗಾಗಿ ಕೆಳಗಿಂದ 1 ಮಿ.ಮೀ. ಶೀಟ್‌ನ ಒಂದು ಅಡ್ಡಗೋಡೆ ಕೊಡಿ.

[ದೃಶ್ಯ: ಸ್ಕರ್ಟ್‌ಗೆ ಅರ್ಧಕೊಳವೆಗಳನ್ನ ಸಾಲಾಗಿ ಅಂಟಿಸೋದು.]

ಇಡೀ ಮಾಡೆಲ್‌ನಲ್ಲಿ ಹೆಚ್ಚು ಸಮಯ ಬೇಡೋದು ಸ್ಕರ್ಟ್, ಅಂದ್ರೆ ಗಾಳಿಯ ಮೆತ್ತೆಯನ್ನ ಹಿಡಿದಿಡೋ, ವಾಹನದ ತಳದ ಸುತ್ತಲಿನ ಬಗ್ಗುವ ತೆರೆ. ಕ್ರಿಸ್ಟೋಫರ್ ಕಾಕರೆಲ್ ಅವರ ಎಸ್ಆರ್.ಎನ್1 ಹೋವರ್‌ಕ್ರಾಫ್ಟ್ 1959ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದಾಗ ಅದಕ್ಕೆ ಸ್ಕರ್ಟ್ ಇರಲಿಲ್ಲ. ಆಮೇಲೆ ಸ್ಕರ್ಟ್ ಬಂದಿದ್ದರಿಂದಲೇ ಇಂಥ ವಾಹನಗಳು ಅಲೆ, ಕಲ್ಲು, ದಿಬ್ಬ ದಾಟುವಂತಾದವು. ನೆಲದ ಮೇಲೆ ಓಡೋ ನಮ್ಮ ವಾಹನಕ್ಕೂ ಸ್ಕರ್ಟ್ ಇರಲೇಬೇಕು.

ಟ್ರ್ಯಾಕ್ ಇದ್ದ ಜಾಗದ ಹೊರ ಅಂಚಿಗೆ, ಸುತ್ತಲೂ, 1.5 ಮಿ.ಮೀ. ಶೀಟ್‌ನ 12 ಮಿ.ಮೀ. ಎತ್ತರದ ಗೋಡೆ ಕಟ್ಟಿ. ಅದರ ಮೇಲೆ 8 ಮಿ.ಮೀ. ಸ್ಟೈರೀನ್ ಕೊಳವೆಯನ್ನ ಉದ್ದಕ್ಕೆ ಸೀಳಿದ ಅರ್ಧಭಾಗಗಳು ಸಾಲಾಗಿ ನಿಲ್ಲಬೇಕು. ಪಕ್ಕಕ್ಕೆ 17ರಂತೆ ಎರಡು ಕಡೆ, ಹಿಂದೆ ಮುಂದೆ 9ರಂತೆ, ಒಟ್ಟು 52. ಒಂದು ತುಂಡಿಂದ ಎರಡು ಸಿಗೋದರಿಂದ 12 ಮಿ.ಮೀ.ನ 26 ತುಂಡು, ಅಂದ್ರೆ 312 ಮಿ.ಮೀ. ಕೊಳವೆ. ಗರಗಸಕ್ಕೆ ಹೋಗೋದು, ಕೆಡೋದು ಸೇರಿ 400 ಇಟ್ಟುಕೊಳ್ಳಿ. ತುಂಡು ಮಾಡುವ ಮುಂಚೆಯೇ ಉದ್ದಕ್ಕೂ ಎದುರುಬದುರು ಎರಡು ಗೆರೆ ಆಳವಾಗಿ ಗೀರಿಬಿಡಿ. ಸಣ್ಣ ತುಂಡನ್ನ ಬೆರಳಲ್ಲಿ ಹಿಡಿದು ಸೀಳಲು ಹೋದ್ರೆ ಬ್ಲೇಡ್ ಜಾರುತ್ತೆ.

ಸ್ಕರ್ಟ್ ಕೆಳಗೆ ತಳದ ಶೀಟ್ ಹಾಕಿ ಮುಚ್ಚೋವಾಗ 3 ಮಿ.ಮೀ.ನ ಎರಡು ತೂತು ಬಿಡಲೇಬೇಕು. ಪೂರ್ತಿ ಮುಚ್ಚಿದ ಡಬ್ಬದೊಳಗೆ ಸಿಮೆಂಟ್‌ನ ಆವಿ ಸಿಕ್ಕಿಕೊಂಡು ಪ್ಲಾಸ್ಟಿಕ್ ಅನ್ನ ಒಳಗಿಂದ ಮೆತ್ತಗೆ ಮಾಡ್ತಾ ಹೋಗುತ್ತೆ. ವಾರಗಳ ನಂತರ ಗೋಡೆ ಸೊಟ್ಟಗಾಗೋದು ಇದರಿಂದಲೇ.

[ದೃಶ್ಯ: ರೈಲ್‌ಗನ್ ಜೋಡಣೆ.]

ಕಪೋಲಾ ಜಾಗಕ್ಕೆ ರೈಲ್‌ಗನ್, ಅಂದ್ರೆ ವಿದ್ಯುತ್ ಬಲದಿಂದ ಗುಂಡು ಹಾರಿಸೋ ತೋಪು. 1.5 × 3 ಮಿ.ಮೀ.ನ ಎರಡು ಪಟ್ಟಿ, 60 ಮಿ.ಮೀ. ಉದ್ದ, ನಡುವೆ 1 ಮಿ.ಮೀ. ಸಂದಿ, ಪ್ರತಿ 10 ಮಿ.ಮೀ.ಗೆ ಒಂದು ಹಿಡಿಪಟ್ಟಿ. ರೈಲ್‌ಗನ್‌ಗೆ ಒಮ್ಮೆಲೇ ಭಾರೀ ವಿದ್ಯುತ್ ಪ್ರವಾಹ ಬೇಕು, ಹಾಗಾಗಿ ಬುಡದಲ್ಲಿ 0.8 ಮಿ.ಮೀ. ಸೋಲ್ಡರ್ ತಂತಿಯ ನಾಲ್ಕು ಕೇಬಲ್ ಕೊಡಿ. ಅವು ಎಲ್ಲಿಗೋ ಹೋಗಿ ಮಾಯ ಆಗಬಾರದು. ಪಕ್ಕದಲ್ಲಿ 5 ಮಿ.ಮೀ. ಕಡ್ಡಿಯ ಆರು ತುಂಡು ನಿಲ್ಲಿಸಿ ಕೆಪ್ಯಾಸಿಟರ್ ಬ್ಯಾಂಕ್ ಮಾಡಿ, ಕೇಬಲ್‌ಗಳನ್ನ ಅಲ್ಲಿಗೆ ಮುಟ್ಟಿಸಿ. ಸೋಲ್ಡರ್ ಲೋಹ, ಸ್ಟೈರೀನ್ ಸಿಮೆಂಟ್ ಅದನ್ನ ಹಿಡಿಯಲ್ಲ. ಸೂಪರ್‌ಗ್ಲೂ ಹಾಕಿ.

ಸಣ್ಣಪುಟ್ಟ ಭಾಗಗಳೆಲ್ಲ ಫ್ಯಾನ್ ಮತ್ತು ಕೆಪ್ಯಾಸಿಟರ್ ಸುತ್ತ ಮಾತ್ರ ಇರಲಿ. ಮುಂಭಾಗದ ಇಳಿಜಾರು, ಪಕ್ಕದ ಗೋಡೆ ಖಾಲಿ ಬಿಡಿ. ಅದು ಕವಚ. ಅಲ್ಲಿ ಪೈಪು ಹಾಕಿದ್ರೆ ಮೊದಲ ಗುಂಡಿಗೇ ಹರಿದುಹೋಗುವಂತೆ ಕಾಣುತ್ತೆ.

[ದೃಶ್ಯ: ಬೂದು ಪ್ರೈಮರ್, ನಂತರ ಬಣ್ಣ.]

ಬೇರೆ ಬೇರೆ ಕಿಟ್‌ನ ಪ್ಲಾಸ್ಟಿಕ್, ಹಿತ್ತಾಳೆ, ಪುಟ್ಟಿ ಎಲ್ಲವೂ ಒಂದೇ ವಾಹನದ್ದು ಅನ್ನಿಸೋದು ಪ್ರೈಮರ್ ಬಿದ್ದ ಮೇಲೆ. ಸಂದಿಗಳು ಕಾಣೋದೂ ಆಗಲೇ. ತುಂಬಿ, 600ರ ಮರಳುಕಾಗದದಲ್ಲಿ ನೀರು ಹಾಕಿ ಉಜ್ಜಿ, ಮತ್ತೆ ಪ್ರೈಮರ್. ಲ್ಯಾಕರ್ ಸ್ಪ್ರೇ ಮಾಡೋವಾಗ ಸಾವಯವ ಆವಿ ಸೋಸುವ ಮಾಸ್ಕ್ ಕಡ್ಡಾಯ, ಬಟ್ಟೆ ಮಾಸ್ಕ್ ಸಾಲಲ್ಲ.

ಬಣ್ಣ ನಿಮ್ಮಿಷ್ಟ. ಸವೆತದ ಗುರುತು ಮಾತ್ರ ಯೋಚಿಸಿ ಹಾಕಿ. ಎಂ113ರ ಹಲ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಅದಕ್ಕೆ ಕೆಂಪು ತುಕ್ಕು ಹಿಡಿಯಲ್ಲ. ಬಣ್ಣ ಕಿತ್ತ ಕಡೆ ಮಾಸಿದ ಬೆಳ್ಳಿಬೂದು ಬರಲಿ. ಟ್ರ್ಯಾಕ್ ಇಲ್ಲದ ಮೇಲೆ ಪಕ್ಕದಲ್ಲಿ ಕೆಸರು ಸಿಡಿದ ಕಲೆಯೂ ಇರಲ್ಲ. ಧೂಳು ದಟ್ಟವಾಗಿ ಕೂರೋದು ಸ್ಕರ್ಟ್‌ನ ಮಡಿಕೆಗಳಲ್ಲಿ ಮತ್ತು ಫ್ಯಾನ್ ರಿಂಗ್‌ನ ಅಂಚಲ್ಲಿ. ವಾಶ್‌ಗೆ ಮುಂಚೆ ಹೊಳಪಿನ (ಗ್ಲಾಸ್) ವಾರ್ನಿಷ್ ಬೀಳಲಿ. ಡಿಕಾಲ್ (ಅಂಟಿಸೋ ಗುರುತುಚಿತ್ರ) ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯೋದನ್ನೂ ಅದೇ ತಡೆಯುತ್ತೆ.

ಬೇಸ್ ಮೇಲೆ ಕೂರಿಸೋವಾಗ ಮಾಡೆಲ್ ಅನ್ನ ಎರಡು ಸೆಂಟಿಮೀಟರ್ ಎತ್ತರದಲ್ಲಿ ತೇಲಿಸಬೇಡಿ. ಸ್ಕರ್ಟ್ ಇರುವ ವಾಹನ ನೆಲಕ್ಕೆ ಅಂಟಿಕೊಂಡ ಹಾಗೇ ಓಡುತ್ತೆ, 1 ಮಿ.ಮೀ. ಸಂದಿ ಸಾಕು. ತಳಕ್ಕೆ ಅಂಚಿನಿಂದ ಒಳಗಡೆ ಮೂರು ಕಡೆ ಹಿತ್ತಾಳೆ ಪಿನ್ ಕೊಡಿ, ಹೊರಗಿಂದ ಕಾಣಲ್ಲ. ಬೇಸ್‌ನ ಮರಳನ್ನ ಅಂಟು ಒಣಗುವ ಮುಂಚೆ ಬ್ರಷ್‌ನಿಂದ ಸ್ಕರ್ಟ್ ಅಂಚಿನಿಂದ ಹೊರಮುಖವಾಗಿ ತಳ್ಳಿ, ಏಕೆಂದರೆ ಗಾಳಿ ನುಗ್ಗೋದು ಆ ದಿಕ್ಕಿಗೇ.