ಮಂಜುನಾಥ್ ಒಬ್ಬರೇ ಯಾಕೆ ಹೋಗಬೇಕಾಯಿತು?

ನಮಸ್ಕಾರ ಸ್ನೇಹಿತರೇ.

2005ರ ನವೆಂಬರ್ 19. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆ. ಗೋಲಾ ಎಂಬ ಊರಿನ ಒಂದು ಪೆಟ್ರೋಲ್ ಬಂಕ್‌ಗೆ ಇಂಡಿಯನ್ ಆಯಿಲ್‌ನ ಸೇಲ್ಸ್ ಆಫೀಸರ್ ಒಬ್ಬರು ತಪಾಸಣೆಗೆ ಹೋದರು. ಹೆಸರು ಮಂಜುನಾಥ್ ಷಣ್ಮುಗಂ. ವಯಸ್ಸು 27. ನಮ್ಮ ಕೋಲಾರದ ಕಡೆಯ ಹುಡುಗ. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಲಖನೌ ಐಐಎಂನಲ್ಲಿ ಎಂಬಿಎ ಮುಗಿಸಿದ್ದರು. ಅಂಥ ಕಡೆ ಓದಿದವರು ದೊಡ್ಡ ಸಂಬಳದ ಖಾಸಗಿ ಕೆಲಸ ಹುಡುಕುತ್ತಾರೆ. ಇವರು ಸರ್ಕಾರಿ ತೈಲ ಕಂಪನಿ ಸೇರಿದ್ದರು.

ಆ ಬಂಕ್‌ಗೆ ಅವರು ಹೊಸಬರಲ್ಲ. ಕಲಬೆರಕೆ ಮಾಡುತ್ತಿದ್ದಾರೆ ಅಂತ ಮೊದಲೇ ಅದಕ್ಕೆ ಬೀಗ ಹಾಕಿಸಿದ್ದರು. ಸ್ವಲ್ಪ ದಿನಕ್ಕೇ ಬಂಕ್ ಮತ್ತೆ ತೆರೆದುಕೊಂಡಿತ್ತು. ಈಗ ಸರಿಯಾಗಿ ನಡೀತಿದೆಯಾ ಅಂತ ನೋಡಲು ಹೇಳದೆ ಕೇಳದೆ ಹೋದರು. ಒಬ್ಬರೇ ಹೋದರು. ಬಂಕ್ ಕಡೆಯವರು ಅವರನ್ನು ಗುಂಡು ಹಾರಿಸಿ ಕೊಂದರು. ಆಮೇಲೆ ಮಂಜುನಾಥ್ ಅವರ ಕಾರಿನಲ್ಲೇ ಅವರ ಹೆಣವನ್ನು ಸಾಗಿಸುತ್ತಿದ್ದಾಗ ಕೊಲೆಗಾರರು ಪೊಲೀಸರಿಗೆ ಸಿಕ್ಕಿಬಿದ್ದರು.

ಈ ಸುದ್ದಿ ಬಂದಾಗ ನಾವೆಲ್ಲ ಏನಂದೆವು? ಎಂಥ ಧೈರ್ಯ, ಎಂಥ ಪ್ರಾಮಾಣಿಕ ಹುಡುಗ ಅಂದೆವು. ನಾನೂ ಅಂದೆ. ಆದರೆ ಇಷ್ಟು ವರ್ಷ ಆದ ಮೇಲೂ ನನ್ನ ತಲೆಯಲ್ಲಿ ಕೊರೆಯುತ್ತಿರುವುದು "ಒಬ್ಬರೇ ಹೋದರು" ಎಂಬ ಮಾತು. ಯಾಕೆ ಒಬ್ಬರೇ ಹೋಗಬೇಕಾಯಿತು? ಇವತ್ತು ನಾನು ಮಾತಾಡಬೇಕು ಅಂದುಕೊಂಡಿದ್ದು ಅದರ ಬಗ್ಗೆ.

ಮೊದಲು ಆ ಕಲಬೆರಕೆ ಹೇಗೆ ನಡೆಯುತ್ತಿತ್ತು ಅಂತ ನೋಡೋಣ. ಆಗ ರೇಷನ್ ಸೀಮೆಎಣ್ಣೆ ಲೀಟರಿಗೆ ಹತ್ತು ರೂಪಾಯಿ ಆಸುಪಾಸಿನಲ್ಲಿತ್ತು. ಬಡವರ ಮನೆಯ ಒಲೆಗೆ, ದೀಪಕ್ಕೆ ಅಂತ ಸರ್ಕಾರ ಕಡಿಮೆ ಬೆಲೆಗೆ ಕೊಡುತ್ತಿತ್ತು. ಡೀಸೆಲ್ ಬೆಲೆ ಅದರ ಮೂರು ಪಟ್ಟು. ಪೆಟ್ರೋಲ್ ಇನ್ನೂ ಜಾಸ್ತಿ. ಸೀಮೆಎಣ್ಣೆಯನ್ನು ಡೀಸೆಲ್‌ಗೆ ಬೆರೆಸಿದರೆ ಪ್ರತಿ ಲೀಟರಿಗೂ ಸುಮ್ನೆ ಕೂತಲ್ಲೇ ಇಪ್ಪತ್ತು ರೂಪಾಯಿ. ಅದು ಒಬ್ಬ ಬಂಕ್ ಮಾಲೀಕನಿಂದ ಆಗುವ ಕೆಲಸ ಅಲ್ಲ. ರೇಷನ್ ಅಂಗಡಿಯಿಂದ ಸೀಮೆಎಣ್ಣೆ ಹೊರಗೆ ಬರಬೇಕು. ಟ್ಯಾಂಕರ್ ಬೇಕು. ದಾರಿಯಲ್ಲಿ ಯಾರೂ ನಿಲ್ಲಿಸಬಾರದು. ತಪಾಸಣೆಗೆ ಬರುವವರು ಮುಂಚೆಯೇ ಫೋನ್ ಮಾಡಿ ಬರಬೇಕು. ಇಷ್ಟೂ ಜನ ಸೇರಿದರೆ ಮಾತ್ರ ಅದು ನಡೆಯುತ್ತದೆ.

ಅಂದರೆ ಕಳ್ಳತನದ ಕಡೆ ಒಂದು ದೊಡ್ಡ ಗುಂಪಿತ್ತು. ಒಬ್ಬರಿಗೊಬ್ಬರು ಆಸರೆಯಾಗಿದ್ದರು. ಈ ಕಡೆ ಮಂಜುನಾಥ್ ಒಬ್ಬರೇ.

ಇನ್ನೊಂದು ಸೂಕ್ಷ್ಮವೂ ಇದೆ. ಸೇಲ್ಸ್ ಆಫೀಸರ್ ಅಂದರೆ ಮಾರಾಟ ಹೆಚ್ಚಿಸಬೇಕಾದವರು. ಬಂಕ್ ಮುಚ್ಚಿಸಿದರೆ ಅವರದೇ ಟಾರ್ಗೆಟ್ ಕಡಿಮೆಯಾಗುತ್ತದೆ. ಕಳ್ಳನನ್ನು ಹಿಡಿದರೆ ತನ್ನ ಲೆಕ್ಕವೇ ಕೆಟ್ಟದಾಗಿ ಕಾಣುವ ಕೆಲಸ. ವ್ಯಾಪಾರದ ಲೋಕದಲ್ಲಿ ಇಂಥ ಜಾಗ ಎಷ್ಟಿವೆ ಅಂತ ಯೋಚಿಸಿ. ಬ್ಯಾಂಕಿನಲ್ಲಿ ಸಾಲ ಪಾಸ್ ಮಾಡುವವರು, ಔಷಧಿ ಕಂಪನಿಯಲ್ಲಿ ಗುಣಮಟ್ಟ ನೋಡುವವರು, ಲೆಕ್ಕಪತ್ರ ಪರಿಶೀಲಿಸುವ ಆಡಿಟರ್. ಇವರೆಲ್ಲ "ಇದು ಸರಿಯಿಲ್ಲ" ಅಂದ ದಿನ ಆಫೀಸಿನಲ್ಲಿ ಯಾರಿಗೂ ಖುಷಿಯಾಗುವುದಿಲ್ಲ.

ಮಂಜುನಾಥ್ ಸತ್ತ ಮೇಲೆ ಅವರಿಗೆ ಜೊತೆ ಸಿಕ್ಕಿತು. ಐಐಎಂನಲ್ಲಿ ಓದಿದ ಗೆಳೆಯರು ಸುಮ್ಮನೆ ಕೂರಲಿಲ್ಲ. ಟ್ರಸ್ಟ್ ಮಾಡಿದರು. ಹಣ ಕೂಡಿಸಿದರು. ಕೇಸಿನ ಹಿಂದೆ ಬಿದ್ದರು. ಮರೆತುಹೋಗಲು ಬಿಡಲಿಲ್ಲ. 2007ರ ಮಾರ್ಚ್‌ನಲ್ಲೇ ತೀರ್ಪು ಬಂತು. ಮುಖ್ಯ ಆರೋಪಿಗೆ ಗಲ್ಲು. 2009ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೊಲೆಯಾದ ಒಂದೂವರೆ ವರ್ಷದೊಳಗೆ ಕೆಳ ನ್ಯಾಯಾಲಯದ ತೀರ್ಪು! ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಹತ್ತಾರು ಜನ ಬೆನ್ನು ಬಿದ್ದರೆ ಏನಾಗುತ್ತದೆ ಅಂತ ಅದು ತೋರಿಸಿತು. ಮಂಜುನಾಥ್ ಬಂಕ್‌ಗೆ ಬೀಗ ಹಾಕಿಸಿದ ದಿನವೇ ಆ ಜನ ಅವರ ಹಿಂದೆ ನಿಂತಿದ್ದರೆ? ಕಂಪನಿಯ ಒಳಗಿನವರೇ ನಾಲ್ಕು ಮಂದಿ ಜೊತೆಗೆ ಹೋಗಿದ್ದರೆ?

ಮಂಜುನಾಥ್ ಕೊಲೆಗೂ ಎರಡು ವರ್ಷ ಮುಂಚೆ, 2003ರಲ್ಲಿ, ಸತ್ಯೇಂದ್ರ ದುಬೆ ಎಂಬ ಎಂಜಿನಿಯರ್ ಬಿಹಾರದ ಗಯಾದಲ್ಲಿ ಕೊಲೆಯಾದರು. ಹೆದ್ದಾರಿ ಕಾಮಗಾರಿಯಲ್ಲಿ ನಡೆಯುತ್ತಿದ್ದ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದರು. ನನ್ನ ಹೆಸರು ಗುಟ್ಟಾಗಿರಲಿ ಅಂತ ಕೇಳಿಕೊಂಡಿದ್ದರು. ಪತ್ರ ಅವರ ಹೆಸರಿನ ಸಮೇತ ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಓಡಾಡಿತು. ಕೊಲೆ ದರೋಡೆಗಾಗಿ ಆಗಿದ್ದು ಅಂತ ತನಿಖೆ ಹೇಳಿತು. ಅದೇನೇ ಇರಲಿ, ಗುಟ್ಟು ಕಾಪಾಡಿ ಅಂದವರ ಗುಟ್ಟನ್ನು ಕಾಪಾಡಲಿಲ್ಲ. ಆಮೇಲೆ ದೇಶವೆಲ್ಲ ಕೂಗಾಡಿತು. ಅಕ್ರಮ ಬಯಲು ಮಾಡುವವರನ್ನು ರಕ್ಷಿಸುವ ಕಾನೂನು 2014ರಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ರಾಷ್ಟ್ರಪತಿಗಳ ಸಹಿಯೂ ಬಿತ್ತು. ಅದನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ವರ್ಷಗಟ್ಟಲೆ ಹೊರಬೀಳಲೇ ಇಲ್ಲ. ಇದನ್ನು ಓದಿದಾಗ ನನಗೆ ನಿಜವಾಗಲೂ ಹೊಟ್ಟೆ ಉರಿಯಿತು.

ಈಗ ನಮ್ಮ ರಾಜ್ಯಕ್ಕೆ ಬರೋಣ. ಬೇಲೆಕೇರಿ ನೆನಪಿದೆಯಾ? ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಬಂದರು. ಚೀನಾದಲ್ಲಿ ಕಬ್ಬಿಣಕ್ಕೆ ಬೇಡಿಕೆ ಏರಿದ ಕಾಲ. ಬಳ್ಳಾರಿ, ಹೊಸಪೇಟೆ, ಸಂಡೂರಿನಿಂದ ಕಬ್ಬಿಣದ ಅದಿರಿನ ಲಾರಿಗಳ ಸಾಲು ಈ ಬಂದರಿಗೆ. ಸರ್ಕಾರಕ್ಕೆ ಸಿಗುತ್ತಿದ್ದ ರಾಜಧನ ಟನ್ನಿಗೆ ಮೂವತ್ತು ರೂಪಾಯಿಯೂ ಇಲ್ಲ. ಅದಿರು ಮಾರಾಟವಾಗುತ್ತಿದ್ದದ್ದು ಸಾವಿರಗಳ ಲೆಕ್ಕದಲ್ಲಿ. ಪರ್ಮಿಟ್ ಇಲ್ಲದ ಲಾರಿ, ಪರ್ಮಿಟ್‌ಗಿಂತ ಜಾಸ್ತಿ ತುಂಬಿದ ಲಾರಿ, ಒಂದೇ ಪರ್ಮಿಟ್‌ನಲ್ಲಿ ಹಲವು ಸಲ ಓಡುವ ಲಾರಿ.

2010ರ ಮಾರ್ಚ್‌ನಲ್ಲಿ ಆರ್. ಗೋಕುಲ್ ಎಂಬ ಅರಣ್ಯ ಅಧಿಕಾರಿ ಅಲ್ಲಿ ಸುಮಾರು 8 ಲಕ್ಷ ಟನ್ ಅದಿರನ್ನು ಮುಟ್ಟುಗೋಲು ಹಾಕಿದರು. ಕೆಲವೇ ತಿಂಗಳಲ್ಲಿ ಅದರಲ್ಲಿ 5 ಲಕ್ಷ ಟನ್‌ಗಿಂತ ಹೆಚ್ಚು ಮಾಯ! ಅದಿರು ಅಂದರೆ ಜೇಬಿನಲ್ಲಿ ಹಾಕಿಕೊಂಡು ಹೋಗುವ ವಸ್ತುವಾ? ಹಡಗು ಬೇಕು. ಲೋಡ್ ಮಾಡುವ ಯಂತ್ರ ಬೇಕು. ಹಗಲು ರಾತ್ರಿ ಕೆಲಸ ನಡೆಯಬೇಕು. ನೋಡಿಯೂ ನೋಡದ ಹಾಗೆ ಎಷ್ಟು ಕಣ್ಣುಗಳು ಮುಚ್ಚಿಕೊಂಡಿರಬೇಕು?

ಆಮೇಲೆ ಏನಾಯಿತು? ಅದಿರು ಕದ್ದವರಿಗಿಂತ ಮೊದಲು ಅದಿರು ಹಿಡಿದವರಿಗೇ ಅಮಾನತಿನ ಬಿಸಿ ತಟ್ಟಿತು.

ಇಲ್ಲಿ ಒಬ್ಬರು ಆ ಅಧಿಕಾರಿಯ ಪಕ್ಕ ಬಂದು ನಿಂತರು. ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ. 2010ರ ಜೂನ್ 23ರಂದು ಅವರು ರಾಜೀನಾಮೆ ಕೊಟ್ಟರು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ ನಿವೃತ್ತರಾದವರು, ಪ್ರಾಮಾಣಿಕವಾಗಿ ಕೆಲಸ ಮಾಡಿದ ಒಬ್ಬ ಅಧಿಕಾರಿಯನ್ನು ಉಳಿಸಿಕೊಳ್ಳಲಾಗದ ಮೇಲೆ ಈ ಕುರ್ಚಿ ನನಗೆ ಯಾಕೆ ಅನ್ನುವ ಹಾಗೆ ಎದ್ದು ಹೊರಟರು. ರಾಜ್ಯವೆಲ್ಲ ಗದ್ದಲ. ಕೊನೆಗೆ ಜುಲೈನಲ್ಲಿ ರಾಜೀನಾಮೆ ವಾಪಸ್ ತೆಗೆದುಕೊಂಡರು. ಒಂದು ವರ್ಷ ಕಳೆದು, 2011ರ ಜುಲೈ 27ರಂದು, ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದರಲ್ಲಿ ನಷ್ಟದ ಲೆಕ್ಕ 16,085 ಕೋಟಿ ರೂಪಾಯಿ. ಆ ವರದಿಯ ಹಿಂದೆ ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡದ ಬೆವರಿದೆ. ಒಂದೊಂದೇ ಪರ್ಮಿಟ್, ಒಂದೊಂದೇ ಬ್ಯಾಂಕ್ ಲೆಕ್ಕ ಜಾಲಾಡಿದ ಜನ ಅವರು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಿನ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಮುಂದೆ 2016ರಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಆರೋಪದಿಂದ ಮುಕ್ತಗೊಳಿಸಿತು ಎಂಬುದನ್ನೂ ಹೇಳಲೇಬೇಕು.

ಬಂದರಿನ ಒಂದು ಕಂಪನಿಯಲ್ಲಿ ಸಿಕ್ಕ ದಾಖಲೆಗಳಲ್ಲಿ ಯಾವ್ಯಾವ ಇಲಾಖೆಗೆ ಎಷ್ಟೆಷ್ಟು ಹಣ ಹೋಗಿದೆ ಎಂಬ ಲೆಕ್ಕ ಇತ್ತು ಅಂತ ವರದಿ ಹೇಳಿತು. ಅಚ್ಚುಕಟ್ಟಾದ ಪಟ್ಟಿ. ಮನೆಗೆ ಹಾಲು, ಪೇಪರ್ ಬಿಲ್ ಬರೆದಿಟ್ಟ ಹಾಗೆ. ನಮ್ಮ ಭಾಷೆಯಲ್ಲಿ ಲಂಚಕ್ಕೆ ಇನ್ನೊಂದು ಹೆಸರಿದೆಯಲ್ಲ, ಮಾಮೂಲು ಅಂತ. ಮಾಮೂಲು ಅಂದರೆ ಎಂದಿನದು, ವಾಡಿಕೆಯದು. ಆ ಪಟ್ಟಿಯ ಬಗ್ಗೆ ಓದಿದಾಗ ಈ ಪದದ ಅರ್ಥ ನನಗೆ ಪೂರ್ತಿ ತಿಳಿಯಿತು.

ಅದೇ ಲೋಕಾಯುಕ್ತ ಸಂಸ್ಥೆ ನಾಲ್ಕೇ ವರ್ಷದಲ್ಲಿ ಎಲ್ಲಿಗೆ ಬಂತು ನೋಡಿ. 2015ರಲ್ಲಿ ಆ ಕಚೇರಿಯ ಒಳಗೇ ಸುಲಿಗೆ ನಡೆಯುತ್ತಿದೆ ಎಂಬ ಆರೋಪ ಬಂತು. ಆಗಿನ ಲೋಕಾಯುಕ್ತರ ಮಗನ ಬಂಧನವಾಯಿತು. ವರ್ಷದ ಕೊನೆಗೆ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಭ್ರಷ್ಟಾಚಾರದ ತನಿಖೆಗೆ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಮಾಡಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ ತನಿಖೆಯ ಅಧಿಕಾರವನ್ನು ಲೋಕಾಯುಕ್ತಕ್ಕೆ ವಾಪಸ್ ಕೊಟ್ಟಿತು. ಸಂಸ್ಥೆ ಅದೇ, ಕಟ್ಟಡ ಅದೇ, ಒಳಗಿದ್ದ ಜನ ಮಾತ್ರ ಬೇರೆ. ಬೇಲೆಕೇರಿ ಕೇಸಿನಲ್ಲಿ ಶಿಕ್ಷೆ ಪ್ರಕಟವಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಅದಿರು ಹಿಡಿದು ಹದಿನಾಲ್ಕು ವರ್ಷ ಆಗಿತ್ತು. ಮರುತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿಯ ದಾರಿ ಉದ್ದ.

ಇವೆಲ್ಲ ದೊಡ್ಡವರ ಕಥೆ, ನಮ್ಮ ಕೈಯಲ್ಲಿ ಏನಿದೆ ಅಂತ ನಿಮಗೆ ಅನ್ನಿಸಬಹುದು. ಅದಕ್ಕೇ ನನ್ನದೊಂದು ವಿಷಯ ಹೇಳುತ್ತೇನೆ.

ನಮ್ಮದು ಸ್ವಲ್ಪ ಜಮೀನು. ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಮಾಡಿಸಲು ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ಅರ್ಜಿ ನೋಡಿ, ವಂಶವೃಕ್ಷದಲ್ಲಿ ಒಂದು ಹೆಸರು ಬಿಟ್ಟುಹೋಗಿದೆ ಅಂದರು. ನನ್ನ ಸೋದರತ್ತೆಯ ಹೆಸರು. ಮದುವೆಯಾಗಿ ದೂರದ ಊರಿಗೆ ಹೋದವರು. ಮನೆಯಲ್ಲಿ ಯಾರೋ ಬಿಟ್ಟು ಬರೆಸಿದ್ದರು. ನಾನು ಅದರ ಬಗ್ಗೆ ಯೋಚಿಸಿಯೂ ಇರಲಿಲ್ಲ. ಸರಿ ಮಾಡಿಸಿಕೊಂಡು ಬನ್ನಿ ಅಂತ ಅರ್ಜಿ ವಾಪಸ್ ಕೊಟ್ಟರು. ಒಂದು ರೂಪಾಯಿ ಕೇಳಲಿಲ್ಲ. ನನಗೆ ಸಿಟ್ಟು ಬಂತು. ಮೂರನೇ ಸಲ ರಜೆ ಹಾಕಿ ಬಂದಿದ್ದೆ.

ಹೊರಗೆ ಕೂತಿದ್ದ ಬ್ರೋಕರ್ ಹೇಳಿದ. "ಅವರ ಹತ್ರ ಆಗಲ್ಲ ಸಾರ್. ಬರೀ ರೂಲ್ಸ್ ಮಾತಾಡ್ತಾರೆ. ಸ್ವಲ್ಪ ದಿನ ತಡ್ಕೊಳ್ಳಿ, ಎತ್ತಂಗಡಿ ಆಗ್ತಾರೆ."

ಅತ್ತೆಯ ಹೆಸರು ಸೇರಿಸಿ ಹೊಸದಾಗಿ ಅರ್ಜಿ ಹಾಕಿದೆವು. ಕೆಲಸ ಆಯಿತು. ಅತ್ತೆಗೆ ಅವರ ಪಾಲು ಸಿಕ್ಕಿತು. ಆ ದುಡ್ಡು ಮುಂದೆ ಅವರ ಕಾಯಿಲೆಗೆ ಬಂತು. ಆ ಗುಮಾಸ್ತರು ಅತ್ತೆಯ ಮುಖ ನೋಡಿದವರಲ್ಲ. ಅತ್ತೆ ಆ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ಅಲ್ಲಿ ಇಲ್ಲದ ಒಬ್ಬ ಹೆಂಗಸಿನ ಪರವಾಗಿ ಅವರೊಬ್ಬರು ಕೂತಿದ್ದರು.

ಕೆಲವು ತಿಂಗಳ ನಂತರ ಬ್ರೋಕರ್ ಹೇಳಿದಂತೆಯೇ ಆಯಿತು. ಅವರಿಗೆ ವರ್ಗ ಆಯಿತು. ಕಚೇರಿ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಪಕ್ಕದಲ್ಲಿದ್ದವರು "ಒಳ್ಳೇದಾಯ್ತು ಬಿಡಿ, ಕೆಲಸವೇ ಆಗ್ತಿರಲಿಲ್ಲ" ಅಂದರು. ನನಗೆ ನಿಜ ಗೊತ್ತಿತ್ತು. ನನ್ನ ಕೆಲಸ ಆಗಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಆ ಮೌನ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ವರ್ಗ ಮಾಡುವವರಿಗೆ ಬೇಕಾಗಿದ್ದು ಅದೇ. "ಜನರಿಂದಲೇ ದೂರುಗಳಿವೆ" ಅಂತ ಒಂದು ಸಾಲು ಬರೆದರೆ ಸಾಕು. ದೂರು ಕೊಡುವವರು ಸಿಗುತ್ತಾರೆ. ಇವರಿಂದ ನನಗೆ ನ್ಯಾಯ ಸಿಕ್ಕಿತು ಅಂತ ಬರೆದು ಕೊಡುವವರು ಸಿಗುವುದಿಲ್ಲ. ನಾವು ಅಂಥವರಿಗೆ ಇಟ್ಟಿರುವ ಹೆಸರುಗಳನ್ನು ನೋಡಿ. ಹಠಮಾರಿ. ಪ್ರಾಕ್ಟಿಕಲ್ ಅಲ್ಲ. ಹೊಂದಿಕೊಂಡು ಹೋಗುವುದು ಗೊತ್ತಿಲ್ಲ. ಮನೆಯಲ್ಲೂ ಅದೇ ಮಾತು. "ಪಕ್ಕದ ಮನೆಯವರು ಅದೇ ಕೆಲಸದಲ್ಲಿ ಎರಡು ಸೈಟು ಮಾಡಿದ್ದಾರೆ, ನೀವು ಏನು ಮಾಡಿದ್ರಿ?" ಆ ಮನುಷ್ಯ ಹಗಲು ಕಚೇರಿಯಲ್ಲಿ ಒಬ್ಬಂಟಿ, ರಾತ್ರಿ ಮನೆಯಲ್ಲೂ ಒಬ್ಬಂಟಿ. ಎಷ್ಟು ದಿನ ತಡೆದುಕೊಳ್ಳುತ್ತಾನೆ?

ಲಂಚ ಕೊಡುವವರ ಮಾತೂ ಬರಬೇಕಲ್ವಾ? 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ಬಂತು. ಈಗ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಕಾನೂನು ಸರಿಯೇ. ಆದರೆ ಒಬ್ಬ ರೈತ ಒಬ್ಬನೇ ಹೋಗಿ ದೂರು ಕೊಟ್ಟು, ನಾಳೆ ಅದೇ ಕಚೇರಿಗೆ ಮತ್ತೆ ಪಹಣಿಗೆ ಹೋಗಬೇಕು. ಅದೇ ಊರಿನ ಇಪ್ಪತ್ತು ರೈತರು ಒಟ್ಟಿಗೆ ಹೋದರೆ ಕಥೆಯೇ ಬೇರೆ. ಯಾರ ಅರ್ಜಿಯನ್ನು ಅಂತ ಮೂಲೆಗೆ ಹಾಕುತ್ತಾರೆ?

ಅದಕ್ಕೇ ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಊರಿನ ನಾಡಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ನೀವು ಕೆಲಸ ಮಾಡುವ ಕಂಪನಿಯಲ್ಲಿ ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಹಾರ, ಸನ್ಮಾನ ಬೇಡ. ಅವರ ಮೇಲಧಿಕಾರಿಗೆ ಒಂದು ಕಾಗದ ಬರೆಯಿರಿ. ಯಾವ ತಾರೀಕು, ಯಾವ ಕೆಲಸ, ಏನು ಮಾಡಿದರು, ಏನು ತೆಗೆದುಕೊಳ್ಳಲಿಲ್ಲ ಅಂತ ಬರೆಯಿರಿ. ಕೆಳಗೆ ನಿಮ್ಮ ಹೆಸರು, ಸಹಿ ಹಾಕಿ. ಆಗುವುದಾದರೆ ಇನ್ನಿಬ್ಬರ ಸಹಿ ಹಾಕಿಸಿ. ಸ್ವೀಕೃತಿ ಪಡೆದುಕೊಳ್ಳಿ. ನಾಳೆ ಅವರ ಮೇಲೆ ಯಾರಾದರೂ ಸುಳ್ಳು ದೂರು ಹೊರಿಸಿದರೆ ಫೈಲಿನಲ್ಲಿ ಆ ಕಾಗದವೂ ಇರುತ್ತದೆ.

ನಾನು ಹೋದ ತಿಂಗಳು ಬರೆದೆ. ಆ ಗುಮಾಸ್ತರು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ, ಅಲ್ಲಿನ ತಹಶೀಲ್ದಾರರಿಗೆ ಕಳಿಸಿದೆ. ನಾಲ್ಕು ವರ್ಷ ತಡವಾಗಿ. ಅತ್ತೆಯೂ ಸಹಿ ಹಾಕಿದರು. ಕೈ ನಡುಗುತ್ತಿತ್ತು, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.