ಶೌಚ: ಮೈ ತೊಳೆಯುವುದರಿಂದ ಮನಸ್ಸು ತಿಳಿಯಾಗುವವರೆಗೆ

ನಮಸ್ಕಾರ. ಪತಂಜಲಿಯ ಯೋಗಸೂತ್ರದ ಐದು ನಿಯಮಗಳಲ್ಲಿ ಮೊದಲನೆಯದು ಶೌಚ, ಅಂದರೆ ಶುಚಿತ್ವ. ನೀರು, ಮಣ್ಣು, ಶುದ್ಧ ಆಹಾರಗಳಿಂದ ಆಗುವುದು ಬಾಹ್ಯ ಶೌಚ, ಚಿತ್ತದ ಮಲಗಳನ್ನು ತೊಳೆಯುವುದು ಆಂತರಿಕ ಶೌಚ ಎಂದು ಯೋಗಸೂತ್ರದ ವ್ಯಾಖ್ಯಾನವಾದ ವ್ಯಾಸಭಾಷ್ಯ ಬಿಡಿಸಿ ಹೇಳುತ್ತದೆ. ಇದರ ಫಲಗಳನ್ನು ಎಣಿಸುವ ಎರಡನೆಯ ಪಾದದ 41ನೆಯ ಸೂತ್ರದಲ್ಲಿ ಏಕಾಗ್ರತೆಗಿಂತಲೂ ಮೊದಲು ಬರುವುದು ಸೌಮನಸ್ಯ, ಅಂದರೆ ಮನಸ್ಸಿನ ಪ್ರಸನ್ನತೆ. ಈ ಕ್ರಮ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ; ಕಲಕಿದ ಮನಸ್ಸನ್ನು ಬಲವಂತವಾಗಿ ಒಂದೆಡೆ ನಿಲ್ಲಿಸಲು ಹೊರಟವರಿಗೆ ಅದರ ಕಾರಣ ತಾನಾಗಿಯೇ ತಿಳಿಯುತ್ತದೆ.

(ತೆರೆಯ ಮೇಲೆ: ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿ, ಕಪಾಲಭಾತಿ)

ಇವು ಹಠಯೋಗಪ್ರದೀಪಿಕೆ ಎಂಬ ಗ್ರಂಥ ಹೇಳುವ ಷಟ್ಕರ್ಮಗಳು, ಅಂದರೆ ಶುದ್ಧಿಯ ಆರು ಕ್ರಿಯೆಗಳು. ಆದರೆ ಮೇದಸ್ಸು (ಕೊಬ್ಬು) ಮತ್ತು ಕಫ ಹೆಚ್ಚಿರುವವರು ಪ್ರಾಣಾಯಾಮಕ್ಕೆ ಮುನ್ನ ಇವನ್ನು ಮಾಡಬೇಕು, ವಾತ, ಪಿತ್ತ, ಕಫ ಎಂಬ ದೋಷಗಳು ಸಮವಾಗಿರುವವರಿಗೆ ಇವು ಬೇಕಿಲ್ಲ ಎಂದು ಅದೇ ಗ್ರಂಥ ಸ್ಪಷ್ಟವಾಗಿ ಹೇಳಿದೆ. ಇಂದು ಷಟ್ಕರ್ಮಗಳನ್ನು ಹೊಗಳುವವರು ಈ ಎರಡನೆಯ ಮಾತನ್ನು ಹೇಳದೆ ಬಿಡುವುದು ಸರಿಯಲ್ಲ. ಜಲನೇತಿ, ಅಂದರೆ ನೀರಿನಿಂದ ಮೂಗು ತೊಳೆಯುವ ಕ್ರಿಯೆ ಮಾಡುವವರು ಕುದಿಸಿ, ಉಗುರುಬೆಚ್ಚಗಾಗುವಷ್ಟು ಆರಿಸಿದ ನೀರಿಗೆ ಲೀಟರಿಗೆ ಸುಮಾರು 9 ಗ್ರಾಂ ಉಪ್ಪು ಬೆರೆಸಿ ಬಳಸಬೇಕು. ಕುದಿಸದ ನಲ್ಲಿ ನೀರು ಮೂಗಿನ ಮೂಲಕ ಮಾರಕ ಸೋಂಕನ್ನೂ ತರಬಲ್ಲದು. ರಕ್ತದೊತ್ತಡ ಹೆಚ್ಚಿರುವವರು, ಅಪಸ್ಮಾರ (ಮೂರ್ಛೆರೋಗ) ಇರುವವರು ಮತ್ತು ಗರ್ಭಿಣಿಯರು ರಭಸವಾಗಿ ಉಸಿರು ಹೊರಬಿಡುವ ಕಪಾಲಭಾತಿ ಮಾಡಬಾರದು.

ಆಯುರ್ವೇದ ಶೋಧನವನ್ನು, ಅಂದರೆ ದೇಹವನ್ನು ಒಳಗಿನಿಂದ ಶುದ್ಧಿಗೊಳಿಸುವುದನ್ನು, ಚಿಕಿತ್ಸೆಯಾಗಿಯೇ ನೋಡುತ್ತದೆ. ಉನ್ಮಾದದ (ಬುದ್ಧಿಭ್ರಮಣೆಯ) ಚಿಕಿತ್ಸೆಯನ್ನು ವಿವರಿಸುವಾಗ ಆಯುರ್ವೇದದ ಪ್ರಾಚೀನ ಗ್ರಂಥ ಚರಕಸಂಹಿತೆಯು, ವಮನ (ವಾಂತಿ ಮಾಡಿಸುವುದು) ಮೊದಲಾದವುಗಳಿಂದ ಹೃದಯ, ಇಂದ್ರಿಯ, ಶಿರಸ್ಸು, ಕೋಷ್ಠಗಳು (ಹೊಟ್ಟೆ, ಕರುಳು) ಶುದ್ಧವಾದಾಗ ಮನಸ್ಸು ಪ್ರಸನ್ನವಾಗುತ್ತದೆ ಎನ್ನುತ್ತದೆ. ಇದು ವೈದ್ಯರು ರೋಗಿಯ ಬಲವನ್ನು ನೋಡಿ, ಮೊದಲು ಸ್ನೇಹನ (ಎಣ್ಣೆ, ತುಪ್ಪಗಳ ಉಪಚಾರ), ಸ್ವೇದನ (ಬೆವರಿಸುವುದು) ಮಾಡಿಸಿ, ಅನಂತರ ಕೈಗೊಳ್ಳುವ ಕರ್ಮವೇ ಹೊರತು ಮನೆಯಲ್ಲಿ ಭೇದಿಯ ಔಷಧ ಕುಡಿಯುವುದಲ್ಲ. ಮನಸ್ಸಿನ ದೋಷಗಳಾದ ರಜಸ್ಸು (ಚಂಚಲತೆ), ತಮಸ್ಸುಗಳಿಗೆ (ಜಡತೆ) ಚರಕರು ಸೂಚಿಸುವ ಉಪಾಯಗಳೇ ಬೇರೆ: ಜ್ಞಾನ, ವಿಜ್ಞಾನ, ಧೈರ್ಯ, ಸ್ಮೃತಿ, ಸಮಾಧಿ. ಮಲಮೂತ್ರಗಳ ವೇಗವನ್ನು ತಡೆಯಬೇಡಿ, ಲೋಭ, ಶೋಕ, ಭಯ, ಕ್ರೋಧಗಳ ವೇಗವನ್ನು ತಡೆಯಿರಿ ಎಂಬ ಅವರ ಮಾತಿನಲ್ಲಿ ದೇಹಕ್ಕೂ ಮನಸ್ಸಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ.

ಎಷ್ಟು ತೊಳೆದರೂ ಕೊಳೆ ಹೋಗಿಲ್ಲವೆಂದು ಮತ್ತೆ ಮತ್ತೆ ಕೈ ತೊಳೆಯುವಂತಾದರೆ ಅದನ್ನು ಶೌಚವೆಂದು ಸಮರ್ಥಿಸಿಕೊಳ್ಳದೆ, ದಯವಿಟ್ಟು ಮನೋವೈದ್ಯರನ್ನು ಕಾಣಿರಿ; ಅದಕ್ಕೆ ಚಿಕಿತ್ಸೆಯಿದೆ.

ಉಳಿದದ್ದು ಆಂತರಿಕ ಶೌಚ. ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರನ್ನು ಕಂಡಾಗ ಸಂತೋಷ, ಪಾಪ ಮಾಡುವವರಲ್ಲಿ ಉಪೇಕ್ಷೆ, ಇವುಗಳಿಂದ ಚಿತ್ತ ತಿಳಿಯಾಗುತ್ತದೆ ಎಂದು ಪತಂಜಲಿ ಹೇಳುತ್ತಾರೆ. ಇಂದು ರಾತ್ರಿ ಮಲಗುವ ಮುನ್ನ, ಯಾರ ಏಳಿಗೆಯನ್ನು ನೆನೆದರೆ ನಿಮಗೆ ಕಸಿವಿಸಿಯಾಗುತ್ತದೆಯೋ ಅವರನ್ನು ನೆನೆದು, ಮೈತ್ರಿಯಿಂದಲೇ ಆರಂಭಿಸಿ.