ಹತ್ತು ಥೆರಪಿ ಗೊತ್ತು ಅನ್ನೋರಿಗೆ ಒಂದೇ ಪ್ರಶ್ನೆ

ನಮಸ್ಕಾರ. ಬೆಂಗಳೂರಲ್ಲಿ ಥೆರಪಿಸ್ಟ್ ಹುಡುಕ್ತಾ ಇನ್‌ಸ್ಟಾಗ್ರಾಂ ತೆಗೆದವರಿಗೆಲ್ಲ ಈ ತರದ ಪ್ರೊಫೈಲ್ ಗೊತ್ತೇ ಇರುತ್ತೆ. ಹೆಸರು, ಅದರ ಕೆಳಗೆ ‘ಇಂಟಿಗ್ರೇಟಿವ್ ಥೆರಪಿಸ್ಟ್’ (ಅಂದ್ರೆ ಬೇರೆ ಬೇರೆ ಥೆರಪಿ ವಿಧಾನಗಳನ್ನ ಒಂದುಗೂಡಿಸಿ ಬಳಸೋರು), ಅದರ ಕೆಳಗೆ ವಿಧಾನಗಳ ಉದ್ದ ಪಟ್ಟಿ. ಸಿಬಿಟಿ (ಯೋಚನೆ, ನಡವಳಿಕೆ ಬದಲಾಯಿಸೋ ಥೆರಪಿ), ಡಿಬಿಟಿ, ಇಎಂಡಿಆರ್, ಮೈಂಡ್‌ಫುಲ್‌ನೆಸ್, ಇನ್ನರ್ ಚೈಲ್ಡ್. ಕೆಲವರದ್ದರಲ್ಲಿ ಕೊನೆಗೆ ಕೈಯಿಂದ ಶಕ್ತಿ ಹರಿಸ್ತೀವಿ ಅನ್ನೋ ರೇಖಿ, ಕಾರ್ಡ್ ನೋಡಿ ಭವಿಷ್ಯ ಹೇಳೋ ಟ್ಯಾರೋ ಕೂಡ. ನೋಡಿದವರಿಗೆ ಅನ್ಸೋದು ಸಹಜ: ಇಷ್ಟೆಲ್ಲ ಕಲಿತಿದ್ದಾರೆ, ನನ್ನ ಕಷ್ಟಕ್ಕೆ ಯಾವುದಾದ್ರೂ ಒಂದು ತಾಕದೇ ಇರುತ್ತಾ?

ನಾನು ಇಂಟಿಗ್ರೇಟಿವ್ ವಿಧಾನದ ಪರ. ಅದಕ್ಕೇ ಈ ಪಟ್ಟಿ ಕಂಡ್ರೆ ನಂಗೆ ಕಿರಿಕಿರಿ. ಹತ್ತು ವಿಧಾನ ಕಲಿಯೋಕೆ ಹತ್ತು ವರ್ಕ್‌ಶಾಪ್ ಸಾಕು. ಎದುರಿಗೆ ಕೂತಿರೋ ಈ ಮನುಷ್ಯನಿಗೆ ಈ ವಾರ ಇದೇ ಯಾಕೆ, ಬೇರೆಯದು ಯಾಕೆ ಬೇಡ ಅಂತ ಹೇಳೋಕೆ ಬರ್ಬೇಕು. ಕಷ್ಟ ಇರೋದು ಅಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 1936ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲ್ ರೋಸೆನ್‌ಜ್ವೈಗ್ ಒಂದು ಚಿಕ್ಕ ಲೇಖನ ಬರೆದರು. ಬೇರೆ ಬೇರೆ ಪಂಥದ ಥೆರಪಿಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ ಫಲ ಕೊಡ್ತಿವೆ ಅಂದ್ರೆ, ಗುಣ ಮಾಡ್ತಿರೋದು ಎಲ್ಲದರಲ್ಲೂ ಇರೋ ಯಾವುದೋ ಸಮಾನ ಅಂಶ ಇರಬಹುದು ಅಂತ. ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯಲ್ಲಿ ಓಟದ ಕೊನೆಗೆ ಎಲ್ಲರಿಗೂ ಬಹುಮಾನ ಅಂತ ತೀರ್ಪು ಕೊಡೋ ಡೋಡೊ ಹಕ್ಕಿಯನ್ನ ಆ ಲೇಖನದಲ್ಲೇ ತಂದಿದ್ರು. 1979ರಲ್ಲಿ ಅಮೆರಿಕದವರೇ ಆದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ ಆ ಸಮಾನ ಅಂಶಕ್ಕೆ ಒಂದು ರೂಪ ಕೊಟ್ಟರು. ಥೆರಪಿಸ್ಟ್ ಮತ್ತು ಬಂದವರ ನಡುವೆ ನಂಬಿಕೆ ಇರಬೇಕು, ಎಲ್ಲಿಗೆ ಹೋಗ್ತಿದ್ದೀವಿ ಅನ್ನೋದು ಇಬ್ಬರಿಗೂ ಒಪ್ಪಿಗೆ ಆಗಿರಬೇಕು, ಅಲ್ಲಿಗೆ ಹೋಗೋಕೆ ಮಾಡೋ ಕೆಲಸವೂ ಇಬ್ಬರಿಗೂ ಒಪ್ಪಿಗೆ ಆಗಿರಬೇಕು.

ಇದನ್ನ ಕೇಳಿ ಕೆಲವರು ಹಿಡಿಯೋ ದಾರಿ ಏನು ಗೊತ್ತಾ? ಸಂಬಂಧ ಚೆನ್ನಾಗಿದ್ರೆ ಸಾಕು, ಉಳಿದಿದ್ದು ಏನು ಮಾಡಿದ್ರೂ ನಡೆಯುತ್ತೆ ಅನ್ನೋದು. ನಡೆಯಲ್ಲ ಸ್ವಾಮಿ. ಒಸಿಡಿ ತಗೊಳ್ಳಿ, ಅಂದ್ರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು ಒಂದೇ ಕೆಲಸ ಮಾಡಿಸೋ ಕಾಯಿಲೆ. ಕೈ ತೊಳೆದಷ್ಟೂ ಸಾಲದು, ಬಾಗಿಲು ಮುಟ್ಟಿದ್ರೆ ಮತ್ತೆ ಸ್ನಾನ. ನಮ್ಮ ಕೆಲವು ಮನೆಗಳಲ್ಲಿ ಇದು ಮಡಿ-ಮೈಲಿಗೆಯ ಮರೆಯಲ್ಲಿ ಯಾರಿಗೂ ಕಾಣದೆ ವರ್ಷಗಟ್ಟಲೆ ನಡೆದುಹೋಗುತ್ತೆ. ಇದಕ್ಕೆ 1966ರಲ್ಲೇ ಲಂಡನ್ನಿನ ವಿಕ್ಟರ್ ಮೇಯರ್ ಒಂದು ದಾರಿ ತೋರಿಸಿದ್ರು: ಹೆದರಿಸೋ ವಸ್ತುವನ್ನ ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯಬಾರದು. ಮುಂದೆ ಇದೇ ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಆಗಿ ಬೆಳೀತು. ಮಾಡೋರಿಗೂ ಹಿಂಸೆ, ಮಾಡಿಸೋರಿಗೂ ಹಿಂಸೆ. ಆದ್ರೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇದೆ. ಅದನ್ನ ಬಿಟ್ಟು ವಾರವಾರ ಬಾಲ್ಯದ ಬಗ್ಗೆ ಹಿತವಾಗಿ ಮಾತಾಡಿಸಿ, ‘ನಾನು ಇಂಟಿಗ್ರೇಟಿವ್’ ಅಂದ್ರೆ, ಅದು ಕಷ್ಟದ ಕೆಲಸ ತಪ್ಪಿಸ್ಕೊಳ್ಳೋಕೆ ಒಂದು ಒಳ್ಳೆ ಹೆಸರು ಅಷ್ಟೆ.

ಹಾಗಾದ್ರೆ ಸರಿಯಾಗಿ ಮಾಡೋದು ಹೇಗಿರುತ್ತೆ? ನಾನೇ ಕಟ್ಟಿದ ಒಂದು ಉದಾಹರಣೆ ಹೇಳ್ತೀನಿ. ಮೂವತ್ತೈದರ ಆಸುಪಾಸಿನ ಒಬ್ಬರು. ಊರು ಚನ್ನರಾಯಪಟ್ಟಣದ ಕಡೆ, ಕೆಲಸ ವೈಟ್‌ಫೀಲ್ಡ್. ಒಂದಿನ ಮೆಟ್ರೊದಲ್ಲಿ ಎದೆ ಡವಡವ, ಮೈಯೆಲ್ಲ ಬೆವರು, ಸತ್ತೇಹೋಗ್ತೀನಿ ಅನ್ನೋ ಭಯ. ಇಸಿಜಿ, ಎಕೊ ಎಲ್ಲ ಆಯ್ತು, ಹೃದಯಕ್ಕೆ ಏನೂ ಆಗಿಲ್ಲ. ಈಗ ಮೆಟ್ರೊ ಹತ್ತೋದನ್ನೇ ಬಿಟ್ಟಿದ್ದಾರೆ.

ಇವರು ಬಂದ ಮೊದಲ ದಿನವೇ ‘ನಿಮ್ಮ ತಂದೆ ಜೊತೆ ಸಂಬಂಧ ಹೇಗಿತ್ತು’ ಅಂತ ಶುರು ಮಾಡಿದ್ರೆ ಅವರು ಎದ್ದುಹೋಗ್ತಾರೆ. ಹೋಗಲೂಬೇಕು. ಥೈರಾಯ್ಡ್ ನೋಡಿಸಿದ್ದಾರಾ, ದಿನಕ್ಕೆ ಎಷ್ಟು ಕಾಫಿ, ನಿದ್ದೆ ಹೇಗೆ, ಜೀವ ಬೇಡ ಅನ್ಸುತ್ತಾ, ಮೊದಲು ಇವು. ಆಮೇಲೆ ಪ್ಯಾನಿಕ್, ಅಂದ್ರೆ ಹೀಗೆ ಇದ್ದಕ್ಕಿದ್ದಂತೆ ಎರಗೋ ಭಯ. ಎದೆ ಬಡಿತ ಜೋರಾಗೋದನ್ನ ‘ಹಾರ್ಟ್ ಅಟ್ಯಾಕ್’ ಅಂತ ಓದ್ಕೊಂಡಾಗ ಭಯ, ಭಯಕ್ಕೆ ಬಡಿತ ಇನ್ನೂ ಜೋರು. ಈ ಸುತ್ತನ್ನ 1986ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಸ್ಪಷ್ಟವಾಗಿ ಬಿಡಿಸಿಟ್ಟರು. ಅದನ್ನ ಮುರಿಯೋಕೆ ಥೆರಪಿಸ್ಟ್ ಬೇಕಂತಲೇ ಆ ಲಕ್ಷಣ ಬರಿಸ್ತಾರೆ: ತಿರುಗೋ ಕುರ್ಚಿಯಲ್ಲಿ ಗಿರಗಿರ ಸುತ್ತಿಸೋದು, ತೆಳು ಸ್ಟ್ರಾದಲ್ಲಿ ಉಸಿರಾಡಿಸೋದು. ಎದೆ ಬಡ್ಕೊಳ್ಳುತ್ತೆ, ಏನೂ ಆಗಲ್ಲ, ಇಳಿಯುತ್ತೆ. ಆಮೇಲೆ ಮೆಟ್ರೊದಲ್ಲಿ ಒಂದು ಸ್ಟೇಷನ್, ಮುಂದಿನ ವಾರ ಮೂರು. ಇಲ್ಲೀವರೆಗೂ ಶುದ್ಧ ಸಿಬಿಟಿ.

ಅವರು ವೈಟ್‌ಫೀಲ್ಡ್‌ವರೆಗೆ ಆರಾಮಾಗಿ ಹೋಗಿಬರ್ತಿದ್ದಾರೆ. ಆದ್ರೂ ಒಂದು ಉಳಿದಿದೆ. ಊರಿಗೆ ಹೊರಡೋ ಹಿಂದಿನ ರಾತ್ರಿ ಎದೆ ಹಿಡಿಯುತ್ತೆ. ಕೇಳ್ತಾ ಹೋದ್ರೆ ಅಪ್ಪ ತೀರಿಕೊಂಡ ಮೇಲೆ ಜಮೀನು ಪಾಲಾಗಿಲ್ಲ, ಅಣ್ಣನ ಎದುರು ಬಾಯೇ ಬರಲ್ಲ. ಈಗ ದಾರಿ ಬದಲಾಯಿಸೋದಕ್ಕೆ ಒಂದು ಕಾರಣ ಸಿಕ್ಕಿತು ನೋಡಿ. ಭಯ ತಪ್ಪು ಲೆಕ್ಕಾಚಾರದಿಂದ ಬಂದಾಗ ಲೆಕ್ಕ ಸರಿ ಮಾಡಿದ್ರಾಯ್ತು. ಇಲ್ಲಿ ಭಯದ ಕೆಳಗೆ ನುಂಗಿಕೊಂಡ ಸಿಟ್ಟಿದೆ. ಗೆಸ್ಟಾಲ್ಟ್ ಅನ್ನೋ ಥೆರಪಿ ಪಂಥದವರು ಬಳಸೋ ಖಾಲಿ ಕುರ್ಚಿ ಇಟ್ಟು, ಅಲ್ಲಿ ಅಣ್ಣ ಕೂತಿದ್ದಾನೆ ಅಂದ್ಕೊಂಡು ಮಾತಾಡಿ ಅನ್ನಬಹುದು. ನಮ್ಮ ಕಡೆಯ ಗಂಡಸಿಗೆ ಹಾಗಂದ್ರೆ? ‘ನಾಟಕ ಆಡ್ಬೇಕಾ ಮೇಡಂ?’ ಅಂತಾರೆ. ಆಗ ಒತ್ತಾಯ ಮಾಡದೆ ಪೋಸ್ಟ್ ಮಾಡದ ಒಂದು ಕಾಗದ ಬರೆಸಬಹುದು. ಸೆಷನ್ ಇಂಗ್ಲಿಷಲ್ಲಿ ನಡೀತಿದ್ರೂ ಅಣ್ಣನ ಜೊತೆ ಜಗಳ ಮಾತ್ರ ಕನ್ನಡದಲ್ಲೇ ಆಗ್ಬೇಕು, ಇಲ್ಲಾಂದ್ರೆ ಅದು ಜಗಳವೇ ಅಲ್ಲ. ಬೇಕಿದ್ರೆ ಒಂದು ದಿನ ಹೆಂಡತಿಯನ್ನೂ ಕರೆಸಬಹುದು. ನಿದ್ದೆಯೇ ಹೋಗಿ ಕೆಲಸಕ್ಕೂ ಹೋಗೋಕಾಗದೆ ಇದ್ರೆ ಸೈಕಿಯಾಟ್ರಿಸ್ಟ್ ಹತ್ರ ಕಳಿಸ್ಬೇಕು. ಮಾತ್ರೆಯನ್ನ ಸೋಲು ಅಂದ್ಕೊಳ್ಳೋ ಥೆರಪಿಸ್ಟ್ ಏನನ್ನೂ ಒಂದುಗೂಡಿಸ್ತಿಲ್ಲ.

ರೇಖಿ, ಟ್ಯಾರೋ ಈ ಉದಾಹರಣೆಯಲ್ಲಿ ಎಲ್ಲಿ ಬಂತು? ಬರಲಿಲ್ಲ. ನಿಮಗೆ ಅದರಲ್ಲಿ ನಂಬಿಕೆ ಇದ್ರೆ ಅದು ನಿಮ್ಮಿಷ್ಟ. ಆದ್ರೆ ಥೆರಪಿಯ ಫೀಸಿನಲ್ಲಿ ಅದನ್ನ ಸೇರಿಸಿ ಮಾರೋದು ಬೇಡ.

ಇನ್ನೊಂದು ವಿಷಯ ನಮ್ಮ ನೆಲದ್ದು. ಇಲ್ಲಿ ಥೆರಪಿಗೆ ಬರೋರು ಮೊದಲು ಕೇಳೋದು ‘ನಾನೀಗ ಏನು ಮಾಡ್ಲಿ, ನೀವೇ ಹೇಳಿ’ ಅಂತ. ಥೆರಪಿಸ್ಟ್ ಪಠ್ಯದಲ್ಲಿ ಓದಿದ್ದು ಸಲಹೆ ಕೊಡಬಾರದು ಅಂತ. ಇದು ಹೊಸ ಗೋಜಲೇನಲ್ಲ. ಈಗ ನಿಮ್ಹಾನ್ಸ್ ಆಗಿರೋ ಸಂಸ್ಥೆ ಬೆಂಗಳೂರಲ್ಲಿ ಇನ್ನೂ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಆಗಿದ್ದ ಕಾಲದಲ್ಲಿ, 1964ರಲ್ಲಿ, ಎನ್.ಸಿ. ಸೂರ್ಯ ಮತ್ತು ಜಯರಾಮ್ ಇದನ್ನೇ ಬರೆದಿದ್ರು: ಇಲ್ಲಿನ ರೋಗಿಗಳು ಮನಸ್ಸಿನ ಒಳಗಿನ ವಿವರಣೆಗಿಂತ ನೇರವಾದ ಆಸರೆಯನ್ನ ಬೇಗ ಒಪ್ತಾರೆ ಅಂತ. 1973ರಲ್ಲಿ ಮನೋವೈದ್ಯ ಜೆ.ಎಸ್. ನೇಕಿ ಗುರು-ಶಿಷ್ಯ ಸಂಬಂಧವನ್ನೇ ಥೆರಪಿಗೆ ಮಾದರಿಯಾಗಿ ಮುಂದಿಟ್ಟರು. ಅಮೃತಸರದಲ್ಲಿ ಮನೋವೈದ್ಯ ವಿದ್ಯಾಸಾಗರ್ ಅವರು 1950ರ ದಶಕದಲ್ಲೇ ಆಸ್ಪತ್ರೆ ಆವರಣದ ಟೆಂಟುಗಳಲ್ಲಿ ರೋಗಿಯ ಜೊತೆ ಮನೆಯವರನ್ನೂ ಉಳಿಸ್ಕೊಂಡಿದ್ರು. ಅಂದ್ರೆ ಮನೆಯವರನ್ನ ಹೊರಗೆ ಕೂರಿಸಿದ್ರೆ ಅರ್ಧ ಸಮಸ್ಯೆಯೂ ಹೊರಗೇ ಕೂತಿರುತ್ತೆ ಅನ್ನೋದು ನಮ್ಮ ವೈದ್ಯರಿಗೆ ಗೊತ್ತಿತ್ತು. ಇಂಟಿಗ್ರೇಟಿವ್ ಅಂತ ಬೋರ್ಡ್ ಹಾಕೋರು ಅಮೆರಿಕದ ವಿಧಾನಗಳ ಜೊತೆ ಇವನ್ನೂ ಓದಿಕೊಂಡಿದ್ರೆ ಚೆನ್ನಾಗಿತ್ತು.

ಆದ್ರೆ ಗುರು ಸ್ಥಾನಕ್ಕೆ ಒಂದು ಅಪಾಯ ಇದೆ. ಗುರುವಿಗೆ ನಾವು ಎದುರು ಮಾತಾಡಲ್ಲ. ನಾಲ್ಕು ವಾರ ಹೋಗಿ ಏನೂ ಆಗ್ತಿಲ್ಲ ಅನ್ಸಿದ್ರೂ ‘ತುಂಬಾ ಚೆನ್ನಾಗಿದೆ ಮೇಡಂ’ ಅಂದು, ಐದನೇ ವಾರ ಫೋನ್ ಎತ್ತಲ್ಲ. ಥೆರಪಿಸ್ಟ್‌ಗೆ ತಾವು ಎಲ್ಲಿ ತಪ್ಪಿದ್ವಿ ಅಂತ ಗೊತ್ತೇ ಆಗಲ್ಲ. ಇದಕ್ಕೆ ಸೆಷನ್ ರೇಟಿಂಗ್ ಸ್ಕೇಲ್ ಅಂತ ಒಂದು ಹಾಳೆ ಇದೆ, ಸೆಷನ್ ಮುಗಿದ ಮೇಲೆ ತುಂಬೋದು, ನಾಲ್ಕೇ ಪ್ರಶ್ನೆ. ನನ್ನ ಮಾತು ಕೇಳಿಸ್ಕೊಂಡ್ರಾ, ನನಗೆ ಬೇಕಾದ ವಿಷಯ ಮಾತಾಡಿದ್ವಾ, ಈ ವಿಧಾನ ನನಗೆ ಹೊಂದುತ್ತಾ, ಒಟ್ಟಾರೆ ಹೇಗಿತ್ತು. ಬೋರ್ಡಿನ್ ಹೇಳಿದ ಮೂರೂ ಅದರೊಳಗೇ ಇವೆ. ಬಾಯಲ್ಲಿ ಹೇಳೋಕೆ ಸಂಕೋಚ ಪಡೋ ನಮ್ಮಂಥವರಿಗೆ ಹಾಳೆಯ ಮೇಲೆ ಗುರುತು ಹಾಕೋದು ಸುಲಭ.

ಹಾಗಾಗಿ ಈಗಾಗಲೇ ಥೆರಪಿಗೆ ಹೋಗ್ತಿರೋರು ಮುಂದಿನ ಸಲ ಒಂದು ಕೇಳಿ ನೋಡಿ: ‘ನನಗೆ ಈ ವಿಧಾನವೇ ಯಾಕೆ ಅಂತ ಸ್ವಲ್ಪ ಹೇಳ್ತೀರಾ?’ ಒಳ್ಳೆಯವರಾದ್ರೆ ನಿಮ್ಮ ಕಥೆಯನ್ನೇ ಇಟ್ಕೊಂಡು ಎರಡು ನಿಮಿಷದಲ್ಲಿ ಹೇಳ್ತಾರೆ. ‘ನಾನು ಎಲ್ಲ ವಿಧಾನನೂ ಮಾಡ್ತೀನಿ’ ಅನ್ನೋ ಉತ್ತರ ಬಂದ್ರೆ, ಅದನ್ನ ನೀವು ಅವರ ಪ್ರೊಫೈಲಲ್ಲೇ ಓದಿದ್ರಿ.